ಕ್ರಿಸ್ತಜಯಂತಿಯ ಔತಣ ಮತ್ತು ಅಡುಗೆಮನೆಯ ತಾಯಿ

(ದೇವಾಲಯದ ಶತಮಾನೋತ್ಸವದ ಅಂಗವಾಗಿ ಏರ್ಪಡಿಸಲಾಗಿದ್ದ ಕುಟುಂಬ ಸಮಾವೇಶದಲ್ಲಿ ಧರ್ಮಕೇಂದ್ರದ ಮಹಿಳಾ ಸಂಘದ ಪರವಾಗಿ ಮಾಡಿದ ಭಾಷಣ)



ಈ ಶತಮಾನೋತ್ಸವದ ಸಂದರ್ಭದಲ್ಲಿ ನಮ್ಮ ದೇವಾಲಯದ ಇತಿಹಾಸವನ್ನು ಕುರಿತು, ಇಲ್ಲಿ ದುಡಿದ ಗುರುಗಳ ಸೇವೆಯನ್ನು ಕುರಿತು, ಶಾಲೆಯ ಬೆಳವಣಿಗೆಯನ್ನು ಕುರಿತು ಬಲ್ಲವರು ಸವಿಸ್ತಾರವಾಗಿ ಮಾತನಾಡಿದ್ದಾರೆ. ನಮ್ಮ ಮಹಿಳಾ ಸಂಘಕ್ಕೆ ಒಪ್ಪಿಸಲಾದ ವಿಷಯ ಅಡುಗೆಮನೆಗೆ ಸಂಬಂಧಪಟ್ಟದ್ದು. ಕ್ರಿಸ್ತಜಯಂತಿಯ ಔತಣಕ್ಕೆ ಯಾವ ಅಡುಗೆ, ಅದರ ಜೊತೆಗೆ ಯಾವ ವ್ಯಂಜನಗಳು, ಅವುಗಳ ಸಿದ್ಧತೆ ಹೇಗೆ ಎಂಬುದೇ ನಾವು ಹೇಳಬೇಕಾದ ಮಾತು. ಇಷ್ಟು ಗಂಭೀರವಾದ ಸಭೆಯಲ್ಲಿ ಸಾರು ಪಲ್ಯಗಳ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಆದರೆ ಮಧ್ಯರಾತ್ರಿಯಲ್ಲಿ ಈ ದೇವಾಲಯದ ಗಂಟೆ ಬಾರಿಸಿದಾಗ ಅದನ್ನು ಪೀಠದ ಮುಂದೆ ಮೊಣಕಾಲೂರಿ ಕೇಳಿದವರು ಇರುವಂತೆಯೇ, ಒಲೆಯ ಮುಂದೆ ಸೌಟು ಹಿಡಿದು ಕೇಳಿದ ತಾಯಂದಿರೂ ಇದ್ದಾರೆ. ಈ ತಾಯಂದಿರ ವಿಚಾರವನ್ನು ಬಿಟ್ಟು ಹಬ್ಬದ ಊಟದ ವಿಚಾರವನ್ನು ಮಾತನಾಡಲು ಸಾಧ್ಯವಿಲ್ಲ.

ಆದುದರಿಂದ ನಾವು ಹೇಳಬೇಕಾದ ಮುಖ್ಯ ಮಾತನ್ನು ಮೊದಲಿಗೇ ಹೇಳಿಬಿಡುತ್ತೇವೆ. ಅಡುಗೆ ಮಾಡುವ ಕೈಗಳು ಬಲಿಪೂಜೆಯಲ್ಲಿ ಮುಗಿಯಬೇಕು. ಅದೇ ಕೈಗಳು ಮನೆಯವರೊಡನೆ ಒಂದೇ ಪಂಕ್ತಿಯಲ್ಲಿ ಊಟವನ್ನೂ ಮಾಡಬೇಕು. ಇದಕ್ಕೆ ಅವಕಾಶ ಕೊಡದ ಊಟದ ಪಟ್ಟಿ ಎಷ್ಟೇ ಸಮೃದ್ಧವಾಗಿದ್ದರೂ ನಮ್ಮ ಹಬ್ಬಕ್ಕೆ ತಕ್ಕುದಲ್ಲ.

ಬೆತ್ಲೆಹೇಮ್ ಎಂಬ ಹೆಸರಿಗೆ ಹೀಬ್ರೂ ಭಾಷೆಯಲ್ಲಿ ರೊಟ್ಟಿಯ ಮನೆ ಎಂಬ ಅರ್ಥವಿರುವುದನ್ನು ತಾವೆಲ್ಲರೂ ಕೇಳಿದ್ದೀರಿ. ಲೋಕರಕ್ಷಕರನ್ನು ಮಲಗಿಸಿದ ಗೋದಲಿಯಾದರೋ ಜಾನುವಾರುಗಳಿಗೆ ಮೇವು ಹಾಕುವ ತೊಟ್ಟಿ. ಹೀಗೆ ನಮ್ಮ ರಕ್ಷಣೆಯ ಕಥೆ ಆಹಾರದ ಸನ್ನಿಧಿಯಲ್ಲಿಯೇ ಆರಂಭವಾಗುತ್ತದೆ. ಮುಂದೆ ಯೇಸುಸ್ವಾಮಿ ತಮ್ಮ ಮೊದಲನೆಯ ಸೂಚಕಕಾರ್ಯವನ್ನು ನಡೆಸಿದ್ದೂ ಕಾನಾ ಊರಿನ ಮದುವೆಯ ಔತಣದಲ್ಲಿ. ದ್ರಾಕ್ಷಾರಸ ಸಾಲದೆ ಬಂದುದನ್ನು ಗಮನಿಸಿದವರು ಮಾತೆ ಮರಿಯಮ್ಮನವರು. ಪಂಕ್ತಿಯಲ್ಲಿ ಯಾರಿಗೆ ಏನು ಕೊರತೆಯಾಗಿದೆ ಎಂದು ನೋಡುವ ಕಣ್ಣು ಎಂತಹ ಪವಿತ್ರವಾದ ಕಣ್ಣೆಂಬುದು ಇದರಿಂದ ತಿಳಿದುಬರುತ್ತದೆ. ಆದರೆ ಬೆಥಾನಿಯದ ಮಾರ್ತಳ ಮನೆಯಲ್ಲಿ ಅದೇ ಸ್ವಾಮಿ ಬೇರೊಂದು ಪಾಠವನ್ನು ಕಲಿಸಿದರು. ಅವಳ ಸೇವೆಯನ್ನು ಅವರು ಹಳಿಯಲಿಲ್ಲ; ಹಲವಾರು ವಿಷಯಗಳಲ್ಲಿ ಹಂಚಿಹೋದ ಅವಳ ಮನಸ್ಸನ್ನು ಕಂಡು ಎಚ್ಚರಿಸಿದರು. ಅತಿಥಿಗಾಗಿ ಅಡುಗೆ ಮಾಡುತ್ತ ಅತಿಥಿಯನ್ನೇ ಮರೆಯುವುದು ಹಬ್ಬದ ದಿನ ನಮ್ಮ ಮನೆಗಳಲ್ಲಿಯೂ ನಡೆಯಬಹುದಾದ ಸಂಗತಿ.

ನಮ್ಮ ಹಿರಿಯರ ಕಾಲದಲ್ಲಿ ಈ ಕಷ್ಟ ಇನ್ನೂ ಹೆಚ್ಚಾಗಿತ್ತು. 1917ರ ಧರ್ಮಸಭೆಯ ಶಾಸನಸಂಹಿತೆಯ ಪ್ರಕಾರ ಕ್ರಿಸ್ತಜಯಂತಿಯ ಹಿಂದಿನ ದಿನ ಉಪವಾಸದ ಮತ್ತು ಮಾಂಸವರ್ಜನೆಯ ದಿನವಾಗಿತ್ತು. ಪರಮಪ್ರಸಾದವನ್ನು ಸ್ವೀಕರಿಸುವವರು ಮಧ್ಯರಾತ್ರಿಯಿಂದ ನೀರನ್ನೂ ಮುಟ್ಟುವಂತಿರಲಿಲ್ಲ. ಮರುದಿನದ ಔತಣಕ್ಕಾಗಿ ಮಾಂಸ ಬೇಯಿಸುವ ಗೃಹಿಣಿ ಉಪ್ಪು ಖಾರವನ್ನು ನಾಲಗೆಯಿಂದ ನೋಡುವಂತಿಲ್ಲ. ಬೆಳಗಿನ ಪೂಜೆಗೆ ಹೋಗುವವಳು ಒಂದು ಗುಟುಕು ಕಾಫಿಯನ್ನೂ ಕುಡಿಯುವಂತಿಲ್ಲ. ಜಗದ್ಗುರು ಹನ್ನೆರಡನೆಯ ಪಯಸ್ ಅವರು 1953ರಲ್ಲಿ ನೀರಿನ ನಿಷೇಧವನ್ನು ತೆಗೆದರು. 1957ರಲ್ಲಿ ಪರಮಪ್ರಸಾದಕ್ಕೆ ಮೊದಲಿನ ಉಪವಾಸವನ್ನು ಮೂರು ಗಂಟೆಗಳಿಗೆ ಇಳಿಸಿದರು. ಜಗದ್ಗುರು ಆರನೆಯ ಪೌಲರು 1964ರಲ್ಲಿ ಅದನ್ನು ಒಂದು ಗಂಟೆಗೆ ಇಳಿಸಿದರು. 1966ರಲ್ಲಿ ಅವರೇ ಹೊರಡಿಸಿದ ಶಾಸನದಿಂದ ಹಿಂದಿನ ದಿನದ ಕಡ್ಡಾಯ ಉಪವಾಸವೂ ಹೋಯಿತು. ಧರ್ಮಸಭೆ ಒಂದೊಂದಾಗಿ ಹೊರೆಗಳನ್ನು ಇಳಿಸಿದ ಮೇಲೆ, ಐದಾರು ಬಗೆಯ ಮಾಂಸದ ಹೊರೆಯನ್ನು ನಾವೇ ತಾಯಂದಿರ ತಲೆಯ ಮೇಲೆ ಹೊರಿಸುವುದು ನ್ಯಾಯವೇ ಎಂದು ಯೋಚಿಸಬೇಕಾಗಿದೆ.

ಈ ಸಂದರ್ಭದಲ್ಲಿ ಅನೇಕರು ಕೇಳುವ ಒಂದು ಸಂದೇಹವನ್ನೂ ಪರಿಹರಿಸಬಹುದು. ಕ್ರಿಸ್ತಜಯಂತಿ ಶುಕ್ರವಾರ ಬಂದರೆ ಮಾಂಸಾಹಾರ ಸಲ್ಲುತ್ತದೆಯೇ? ಸಲ್ಲುತ್ತದೆ. 1983ರ ಶಾಸನಸಂಹಿತೆ ಮಹೋತ್ಸವಗಳು ಬೀಳುವ ಶುಕ್ರವಾರಗಳಿಗೆ ಮಾಂಸವರ್ಜನೆಯ ನಿಯಮದಿಂದ ವಿನಾಯಿತಿಯನ್ನು ಸ್ಪಷ್ಟವಾಗಿ ನೀಡಿದೆ. 2020ರ ಕ್ರಿಸ್ತಜಯಂತಿ ಶುಕ್ರವಾರ ಬಂದಿತ್ತು; 2026ರದೂ ಶುಕ್ರವಾರವೇ. 1223ರಲ್ಲಿ ಗ್ರೆಚ್ಚೋ ಎಂಬಲ್ಲಿ ಗೋದಲಿಯನ್ನು ಏರ್ಪಡಿಸಿದ ಅಸ್ಸೀಸಿಯ ಸಂತ ಫ್ರಾನ್ಸಿಸರನ್ನು ಅವರ ಸಹೋದರರೊಬ್ಬರು ಇದೇ ಪ್ರಶ್ನೆಯನ್ನು ಕೇಳಿದರಂತೆ. ಆ ದಿನ ಗೋಡೆಗಳಿಗೂ ಮಾಂಸ ತಿನ್ನಿಸಲು ಸಾಧ್ಯವಾದರೆ ತಿನ್ನಿಸಬೇಕೆಂಬ ಭಾವದಲ್ಲಿ ಅವರು ಉತ್ತರ ಕೊಟ್ಟರೆಂದು ಅವರ ಜೀವನಚರಿತ್ರೆಯಿಂದ ತಿಳಿಯುತ್ತದೆ. ಆದರೆ ಅದೇ ಸಂತರು ಆ ದಿನ ಸಿರಿವಂತರು ಬಡವರಿಗೆ ಹೊಟ್ಟೆ ತುಂಬ ಉಣಿಸಬೇಕೆಂದೂ, ಎತ್ತು ಕತ್ತೆಗಳಿಗೂ ಎಂದಿಗಿಂತ ಹೆಚ್ಚು ಮೇವು ಹಾಕಬೇಕೆಂದೂ ಬಯಸಿದ್ದರು. ಮೊದಲಿನ ಮಾತನ್ನು ನೆನಪಿಟ್ಟುಕೊಳ್ಳುವವರು ಎರಡನೆಯದನ್ನೂ ನೆನಪಿಡತಕ್ಕದ್ದು.

ಇನ್ನು ಸಿದ್ಧತೆಯ ವಿಚಾರಕ್ಕೆ ಬರೋಣ. ಊಟದ ಪಟ್ಟಿಯನ್ನು ಬರೆಯುವ ಮುನ್ನ ಉಣ್ಣುವವರ ಪಟ್ಟಿಯನ್ನು ಬರೆಯಬೇಕು. ಮನೆಯವರೆಷ್ಟು ಮಂದಿ, ಬೆಂಗಳೂರಿನಿಂದಲೋ ಕೊಲ್ಲಿ ದೇಶಗಳಿಂದಲೋ ರಜೆಗೆ ಬರುವ ಮಕ್ಕಳೆಷ್ಟು, ಹಲ್ಲಿಲ್ಲದ ಅಜ್ಜ ಅಜ್ಜಿಯರಿದ್ದಾರೆಯೇ, ಸಕ್ಕರೆ ಕಾಯಿಲೆಯವರಿದ್ದಾರೆಯೇ, ಮಾಂಸ ಮುಟ್ಟದ ಸ್ನೇಹಿತರು ಬರುತ್ತಾರೆಯೇ ಎಂಬುದೆಲ್ಲ ಅದರಲ್ಲಿರಲಿ. ಒಬ್ಬಂಟಿಯಾಗಿ ಹಬ್ಬವನ್ನು ಕಳೆಯುವ ನೆರೆಯವರೊಬ್ಬರ ಹೆಸರೂ ಆ ಪಟ್ಟಿಗೆ ಸೇರಲಿ. ಔತಣಕ್ಕೆ ಮರಳಿ ಕರೆಯಲಾರದವರನ್ನೇ ಕರೆಯಿರಿ ಎಂಬ ಸ್ವಾಮಿಯ ಬೋಧನೆಯನ್ನು ನಾವು ಸಂತ ಲೂಕರ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ ಓದುತ್ತೇವೆ.

ಎರಡನೆಯದಾಗಿ ಹಣದ ಲೆಕ್ಕ. ಹಬ್ಬದ ವಾರದಲ್ಲಿ ಮಾಂಸಕ್ಕೂ ಮೊಟ್ಟೆಗೂ ಬೇಡಿಕೆ ಹೆಚ್ಚುತ್ತದೆ. ಕೈಯಲ್ಲಿ ಇಲ್ಲದವರು ಸಾಲ ಮಾಡುತ್ತಾರೆ. ಒಂದು ದಿನದ ಊಟದ ಸಾಲವನ್ನು ತಪಸ್ಸುಕಾಲದವರೆಗೂ ತೀರಿಸುತ್ತಾರೆ. ನೆರೆಮನೆಯಲ್ಲಿ ನಾಲ್ಕು ಬಗೆಯ ಮಾಂಸವಿದ್ದುದರಿಂದ ನಮ್ಮಲ್ಲಿಯೂ ಇರಬೇಕೆಂಬ ಹಟವೇ ಇದಕ್ಕೆ ಬಹುಮಟ್ಟಿಗೆ ಕಾರಣ. ಈ ಹಟವನ್ನು ಬಿಡುವುದು ಸುಲಭವಲ್ಲವೆಂದು ನಮಗೆ ಗೊತ್ತು. ಆದುದರಿಂದ ಉಳ್ಳವರೇ ಮೊದಲು ತಮ್ಮ ಪಟ್ಟಿಯನ್ನು ಚಿಕ್ಕದು ಮಾಡಿದರೆ ಇಲ್ಲದವರಿಗೆ ತಲೆಯೆತ್ತಿ ನಡೆಯಲು ಅನುಕೂಲವಾಗುತ್ತದೆ ಎಂಬುದು ನಮ್ಮ ಸಂಘದ ವಿನಂತಿ.

ಪ್ರಮಾಣದ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಒಂದು ಸಾಮಾನ್ಯವಾದ ಲೆಕ್ಕ ತಪ್ಪುವುದುಂಟು. ಮೂಳೆಸಹಿತವಾದ ಹಸಿ ಮಾಂಸ ಒಬ್ಬರಿಗೆ 250 ಗ್ರಾಂನಂತೆ 12 ಜನರಿಗೆ 3 ಕಿಲೊ ಸಾಕು. ಎರಡು ಬಗೆ ಮಾಡುವುದಾದರೆ ಎರಡೂ 3 ಕಿಲೊ ಬೇಕಾಗಿಲ್ಲ. ತಲಾ 2 ಕಿಲೊ ಧಾರಾಳವಾಯಿತು, ಏಕೆಂದರೆ ಬಗೆಗಳು ಹೆಚ್ಚಿದರೂ ಉಣ್ಣುವ ಹೊಟ್ಟೆಗಳು ಅಷ್ಟೇ ಇರುತ್ತವೆ. ಅಕ್ಕಿ ಒಂದು ಕಿಲೊ. ಸಾನ್ನ ಮಾಡುವವರು ಒಬ್ಬರಿಗೆ ನಾಲ್ಕರಂತೆ ಲೆಕ್ಕ ಹಿಡಿದರೆ, ಬಟ್ಟಲಿನ ಗಾತ್ರವನ್ನು ಅನುಸರಿಸಿ ಇನ್ನೊಂದು ಕಿಲೊ ಅಕ್ಕಿ ಮತ್ತು ಅದರ ಮೂರನೆಯ ಒಂದು ಪಾಲು ಉದ್ದು ಸುಮಾರಾಗಿ ಸಾಕಾಗುತ್ತದೆ.

ನಮ್ಮ ಧರ್ಮಕೇಂದ್ರದಲ್ಲಿ ಕರಾವಳಿಯಿಂದ ಬಂದು ನೆಲೆಸಿದ ಕುಟುಂಬಗಳೂ ಇವೆ, ಮೈಸೂರು ಸೀಮೆಯ ಕುಟುಂಬಗಳೂ ಇವೆ, ಮಲೆನಾಡಿನ ಮೂಲನಿವಾಸಿಗಳೂ ಇದ್ದಾರೆ. ಒಬ್ಬರಿಗೆ ಹಂದಿಮಾಂಸದ ಬಫಾತ್ ಮತ್ತು ಸಾನ್ನ ಇಲ್ಲದೆ ಹಬ್ಬವಿಲ್ಲ. ಇನ್ನೊಬ್ಬರಿಗೆ ಕೋಳಿಸಾರು ಇಡ್ಲಿ ಇರಲೇಬೇಕು. ಮತ್ತೊಬ್ಬರಿಗೆ ಕಡುಬು ಬೇಕು. ಇವುಗಳಲ್ಲಿ ಮೇಲು ಕೀಳು ಎಂಬುದಿಲ್ಲ. ನಾವು ನಮ್ಮವೆಂದು ಹೆಮ್ಮೆಪಡುವ ಒಣಮೆಣಸಿನಕಾಯಿ ಗೋಡಂಬಿಗಳೂ ಪೋರ್ಚುಗೀಸರ ಕಾಲದಲ್ಲಿ ಸಮುದ್ರ ದಾಟಿ ಬಂದವುಗಳೇ ಆಗಿವೆ. ಎಲ್ಲರಿಗೂ ಒಪ್ಪುವಂತೆ ನಮ್ಮ ಸಂಘವು ಸೂಚಿಸುವ ಪಟ್ಟಿ ಇಷ್ಟೇ: ಹಿಂದಿನ ದಿನವೇ ಸಿದ್ಧವಾಗುವ ಒಂದು ಮಾಂಸ, ಅದೇ ದಿನ ಮಾಡುವ ಒಂದು ಕೋಳಿಯ ಅಡುಗೆ, ಸಾನ್ನ ಅಥವಾ ಇಡ್ಲಿ ಅಥವಾ ಕಡುಬು, ಅನ್ನ ಅಥವಾ ಪುಲಾವು, ಮೂರು ವ್ಯಂಜನಗಳು, ಒಂದು ಪಾಯಸ.

ಹಿಂದಿನ ದಿನದ ಅಡುಗೆಗೆ ಬಫಾತ್ ಬಹಳ ಯೋಗ್ಯವಾದುದು. ಒಣಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಅರಿಸಿನ, ಲವಂಗ, ಚಕ್ಕೆಗಳ ಪುಡಿಯೊಡನೆ ಈರುಳ್ಳಿ, ಶುಂಠಿ, ವಿನೆಗರ್ ಸೇರಿಸಿ ಸಣ್ಣ ಉರಿಯಲ್ಲಿ ಅದರದೇ ಕೊಬ್ಬಿನಲ್ಲಿ ಬೇಯಿಸುವ ಈ ಅಡುಗೆಗೆ ತೆಂಗಿನಕಾಯಿ ಬೀಳುವುದಿಲ್ಲ. ಹುಳಿಯೂ ಖಾರವೂ ಒಳಗಿಳಿದು ಮರುದಿನ ಹೆಚ್ಚು ರುಚಿಯಾಗುತ್ತದೆ. ಹಂದಿಮಾಂಸ ಎಲ್ಲಿಯೂ ಅರೆಬೆಂದಿರಬಾರದು, ಲಾಡಿಹುಳುವಿನ ಅಪಾಯವಿದೆ. ತೆಂಗಿನ ಹಾಲಿನ ಕೋಳಿಯಾದರೋ ಬೇಗ ಹಳಸುವುದರಿಂದ ಅದನ್ನು ಹಬ್ಬದ ಬೆಳಿಗ್ಗೆಯೇ ಮಾಡಬೇಕು.

ವ್ಯಂಜನಗಳನ್ನು ಆರಿಸುವುದರಲ್ಲಿಯೇ ಗೃಹಿಣಿಯ ಜಾಣ್ಮೆ ಕಾಣುತ್ತದೆ. ಎಲೆಯ ಮೇಲೆ ಕೊಬ್ಬು ಮತ್ತು ಖಾರ ಈಗಾಗಲೇ ಇರುವಾಗ ಮತ್ತೊಂದು ಖಾರದ ಗೊಜ್ಜು ಏಕೆ? ನಾಲಗೆಗೆ ಬೇಕಾಗುವುದು ಒಂದು ಹುಳಿ, ಒಂದು ಸಪ್ಪೆ, ಒಂದು ಹೊಟ್ಟೆಗಾಧಾರವಾದ ಕಾಳು. ಸೌತೆಕಾಯಿ ಈರುಳ್ಳಿಗಳನ್ನು ತೆಳ್ಳಗೆ ಹೆಚ್ಚಿ ಉಪ್ಪು ವಿನೆಗರ್ ಹಾಕಿದರೆ ಹುಳಿಯಾಯಿತು. ಎಲೆಕೋಸಿಗೆ ಸಾಸಿವೆಯ ಒಗ್ಗರಣೆ ಕೊಟ್ಟು ತೆಂಗಿನತುರಿ ಉದುರಿಸಿದರೆ ಸಪ್ಪೆಯಾಯಿತು. ಮಕ್ಕಳೂ ವೃದ್ಧರೂ ಅದನ್ನು ಇಷ್ಟಪಡುತ್ತಾರೆ. ಕಾಳಿಗೆ ಕರಾವಳಿಯ ರೀತಿಯಲ್ಲಿ ಕಪ್ಪುಕಡಲೆಯ ಸುಕ್ಕ ಮಾಡಬಹುದು. ಡಿಸೆಂಬರಿನಲ್ಲಿ ಅವರೆಕಾಯಿಯ ಸೊಗಡಿನ ಕಾಲವಾದುದರಿಂದ ಅವರೆಕಾಳಿನ ಉಸಲಿಯನ್ನೂ ಮಾಡಬಹುದು. ಸಸ್ಯಾಹಾರಿ ಅತಿಥಿಗೆ ಅದೇ ಮುಖ್ಯ ಅಡುಗೆಯಾಗುವುದರಿಂದ ಅದನ್ನು ಬೇರೆ ಪಾತ್ರೆಯಲ್ಲಿ, ಬೇರೆ ಸೌಟಿನಲ್ಲಿ, ಎಲ್ಲಕ್ಕಿಂತ ಮೊದಲು ಮಾಡಿಡಬೇಕು. ಕೊನೆಗೆ ಹೆಸರುಬೇಳೆ, ಬೆಲ್ಲ, ತೆಂಗಿನ ಹಾಲಿನ ಪಾಯಸ. ಸಿಹಿ ತಿನ್ನಬಾರದವರಿಗೆ ಅದೇ ಕಾಲದಲ್ಲಿ ದೊರೆಯುವ ಒಂದು ಕಿತ್ತಳೆ.

ಕಾಲದ ಹಂಚಿಕೆ ಹೀಗಿರಲಿ. ಆಗಮನ ಕಾಲದ ಮೊದಲ ವಾರದಲ್ಲಿ ಅತಿಥಿಗಳ ಪಟ್ಟಿ, ಹಣದ ಲೆಕ್ಕ, ಮಾಂಸದ ಅಂಗಡಿಗೆ ಮುಂಗಡ ಹೇಳಿಕೆ ಮುಗಿಯಲಿ. ಕೇಕಿನ ಒಣಹಣ್ಣುಗಳನ್ನು ನೆನೆಯಿಡುವುದೂ ಆಗಲಿ. ಡಿಸೆಂಬರ್ 16ರಿಂದ ನವದಿನದ ಪ್ರಾರ್ಥನೆ ಆರಂಭವಾಗುತ್ತದೆ. ಆ ದಿನಗಳಲ್ಲಿ ಕುಸ್ವಾರ್ ಎಂದು ಕರೆಯುವ ಹಬ್ಬದ ತಿಂಡಿಗಳನ್ನು ದಿನಕ್ಕೊಂದರಂತೆ ಮಾಡಿ ಡಬ್ಬಿಗಳಲ್ಲಿ ತುಂಬಬಹುದು. ಕರ್ಜಿಕಾಯಿಗೆ ಹಸಿ ತೆಂಗಿನತುರಿಯ ಬದಲು ಕೊಬ್ಬರಿ ಎಳ್ಳುಗಳ ಹೂರಣವಿದ್ದರೆ ಬಹುದಿನ ಕೆಡುವುದಿಲ್ಲ. 22ರಂದು ಮಸಾಲೆ ಹುರಿದು ಪುಡಿ ಮಾಡುವುದು. 23ರಂದು ಬೆಳ್ಳುಳ್ಳಿ ಸುಲಿಯುವುದು, ಪಾತ್ರೆ ತೊಳೆಯುವುದು, ಗ್ಯಾಸ್ ಸಿಲಿಂಡರನ್ನು ನೋಡಿಕೊಳ್ಳುವುದು. 24ರ ಬೆಳಿಗ್ಗೆ ಮಾಂಸ ತಂದು ಮಧ್ಯಾಹ್ನದೊಳಗೆ ಬಫಾತ್ ಇಳಿಸಬೇಕು. ಸಾನ್ನದ ಹಿಟ್ಟನ್ನು ರುಬ್ಬಿ ಮಧ್ಯಾಹ್ನವೇ ಇಡುವುದು ಲೇಸು. ನಮ್ಮ ಮಲೆನಾಡಿನ ಡಿಸೆಂಬರ್ ಚಳಿಯಲ್ಲಿ ಹಿಟ್ಟು ನಿಧಾನವಾಗಿ ಉಬ್ಬುತ್ತದೆ. ಶೇಂದಿ ದೊರೆಯದ ಕಡೆ ಸ್ವಲ್ಪ ಯೀಸ್ಟ್ ಹಾಕಿ, ಪಾತ್ರೆಗೆ ಕಂಬಳಿ ಸುತ್ತಿ ಒಲೆಯ ಬದಿಯ ಬೆಚ್ಚನೆಯ ಸ್ಥಳದಲ್ಲಿಡಬೇಕು.

ಅಂದು ಸಂಜೆ ಆರು ಗಂಟೆಗೆ ಒಲೆ ಆರಬೇಕು. ಇದೇ ನಮ್ಮ ಯೋಜನೆಯ ಮುಖ್ಯ ಅಂಶ. ಆ ಬಳಿಕ ಮನೆಯ ತಾಯಿ ಸ್ನಾನ ಮಾಡಿ, ಹಬ್ಬದ ಸೀರೆಯುಟ್ಟು, ಸ್ವಲ್ಪ ವಿಶ್ರಮಿಸಿ, ಎಲ್ಲರೊಡನೆ ರಾತ್ರಿಯ ಬಲಿಪೂಜೆಗೆ ಹೊರಡಬೇಕು. ಪೂಜೆಯ ನಡುವೆ ತೂಕಡಿಸುವಷ್ಟು ದಣಿದ ಶರೀರವನ್ನು ದೇವಾಲಯಕ್ಕೆ ತರುವಂತಾಗಬಾರದು. ಹಬ್ಬದ ಬೆಳಿಗ್ಗೆ ಸಾನ್ನ ಬೇಯಿಸುವುದು, ಕೋಳಿ, ಅನ್ನ, ಪಲ್ಯ, ಪಾಯಸಗಳಷ್ಟೇ ಉಳಿಯುತ್ತವೆ. ನಾಲ್ಕು ಕೈಗಳಿದ್ದರೆ ಅದು ಎರಡು ಮೂರು ಗಂಟೆಗಳ ಕೆಲಸ.

ನಾಲ್ಕು ಕೈಗಳೆಂದಾಗ ಅತ್ತೆ ಸೊಸೆಯರ ಕೈಗಳೆಂದು ಪುರುಷರು ಭಾವಿಸಬಾರದಾಗಿ ಪ್ರಾರ್ಥನೆ. ತೆಂಗಿನಕಾಯಿ ತುರಿಯುವುದು, ಕೋಳಿ ಸ್ವಚ್ಛ ಮಾಡುವುದು, ದೊಡ್ಡ ಪಾತ್ರೆಗಳನ್ನು ಇಳಿಸುವುದು, ಎಲೆ ಹಾಕಿ ಬಡಿಸುವುದು, ಕೊನೆಗೆ ಪಾತ್ರೆ ತಿಕ್ಕುವುದು ಇವೆಲ್ಲ ಗಂಡುಮಕ್ಕಳಿಗೂ ಒಪ್ಪುವ ಕೆಲಸಗಳು. ಕೊನೆಯ ಭೋಜನದ ರಾತ್ರಿ ಸ್ವಾಮಿಯೇ ಸೊಂಟಕ್ಕೆ ಅಂಗವಸ್ತ್ರ ಕಟ್ಟಿಕೊಂಡು ಶಿಷ್ಯರ ಪಾದಗಳನ್ನು ತೊಳೆದರು. ಎಲ್ಲರೂ ಉಂಡೆದ್ದ ಮೇಲೆ ಮಿಕ್ಕ ಮಸಾಲೆಯಲ್ಲಿ ಅನ್ನ ಕಲಸಿಕೊಂಡು ಅಡುಗೆಮನೆಯ ಮೂಲೆಯಲ್ಲಿ ತಾಯಿ ಒಬ್ಬಳೇ ಉಣ್ಣುವ ಪದ್ಧತಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ಬಡಿಸುವ ಪಾತ್ರೆಗಳನ್ನೆಲ್ಲ ಪಂಕ್ತಿಯ ಮಧ್ಯದಲ್ಲಿಯೇ ಇಟ್ಟು, ಮನೆಯ ಯಜಮಾನರು ತಾಯಿಯನ್ನು ಕೈಹಿಡಿದು ಕೂರಿಸಿದ ಮೇಲೆಯೇ ಊಟದ ಮುಂಚಿನ ಪ್ರಾರ್ಥನೆ ಆರಂಭವಾಗಲಿ.

ನೆರೆಯವರಿಗೆ ತಿಂಡಿಯ ತಟ್ಟೆ ಕಳುಹಿಸುವ ನಮ್ಮ ಸುಂದರವಾದ ಸಂಪ್ರದಾಯದಲ್ಲಿಯೂ ಸ್ವಲ್ಪ ಎಚ್ಚರ ಬೇಕು. ಅಚ್ಚಿನ ಹೂವಿನ ತಿಂಡಿಗೂ ಕೇಕಿಗೂ ಸಾಮಾನ್ಯವಾಗಿ ಮೊಟ್ಟೆ ಬೀಳುತ್ತದೆ. ಸಸ್ಯಾಹಾರಿ ಮನೆಗಳಿಗೆ ಚಕ್ಕುಲಿ, ಕರ್ಜಿಕಾಯಿ, ಉಂಡೆಗಳನ್ನು ಹೊಸ ಎಣ್ಣೆಯಲ್ಲಿ ಬೇರೆಯಾಗಿ ಮಾಡಿ, ಇದರಲ್ಲಿ ಮೊಟ್ಟೆಯಿಲ್ಲ ಎಂದು ಬಾಯಿಬಿಟ್ಟು ಹೇಳಿ ಕೊಡಬೇಕು. ಮುಸ್ಲಿಂ ಬಾಂಧವರಿಗೆ ಕಳುಹಿಸುವ ಕೇಕಿನ ಹಣ್ಣುಗಳನ್ನು ರಮ್‌ನಲ್ಲಿ ನೆನೆಸದೆ ಕಿತ್ತಳೆ ರಸದಲ್ಲಿ ನೆನೆಸಬೇಕು. ಅವರ ನಂಬಿಕೆಯನ್ನು ಗೌರವಿಸಿ ಕೊಟ್ಟ ತಟ್ಟೆಯನ್ನು ಅವರು ಅನುಮಾನವಿಲ್ಲದೆ ಸ್ವೀಕರಿಸುತ್ತಾರೆ. ಮದ್ಯದ ವಿಚಾರದಲ್ಲಿ ಹೆಚ್ಚು ಹೇಳುವುದಿಲ್ಲ. ಅಡುಗೆಗಾಗಿ ವಾರವೆಲ್ಲ ದುಡಿದ ತಾಯಿಯ ಕಣ್ಣಲ್ಲಿ ಹಬ್ಬದ ಸಂಜೆ ನೀರು ಬರುವಂತಹ ಸೀಸೆ ಯಾವ ಮನೆಯ ಪಟ್ಟಿಯಲ್ಲಿಯೂ ಇರದಿರಲಿ.

ಬಡವರ ಪಾಲನ್ನು ಊಟವಾದ ಮೇಲೆ ತೆಗೆದಿಡುವುದು ಸರಿಯಲ್ಲ. ಅಡುಗೆಗೆ ಮೊದಲೇ ತೆಗೆದಿಡಬೇಕು. ಮೂರು ಕಿಲೊ ಮಾಂಸ ಕೊಳ್ಳುವವರು ಅರ್ಧ ಕಿಲೊದ ಬೆಲೆಯನ್ನು, ಅಕ್ಕಿ ಅಳೆಯುವವರು ಒಂದು ಸೇರು ಅಕ್ಕಿಯನ್ನು ಹಬ್ಬಕ್ಕೆ ವಾರದ ಮುಂಚೆ ಕೊಟ್ಟರೆ, ಸ್ವೀಕರಿಸುವ ಮನೆಯಲ್ಲಿಯೂ ಹಬ್ಬದ ದಿನ ಒಲೆ ಹೊತ್ತುತ್ತದೆ. ಆ ಮನೆಯ ತಾಯಿಯೂ ತನ್ನ ಮಕ್ಕಳಿಗೆ ತನ್ನ ಕೈಯಾರೆ ಬಡಿಸುತ್ತಾಳೆ. 1833ರಲ್ಲಿ ಪ್ಯಾರಿಸ್ ನಗರದಲ್ಲಿ ಸ್ಥಾಪಿತವಾದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರು ಬಡವರ ಮನೆಗಳಿಗೇ ಹೋಗಿ ಸೇವೆ ಮಾಡುವ ಪದ್ಧತಿಯನ್ನು ಇಟ್ಟುಕೊಂಡದ್ದು ಅವರ ಮಾನವನ್ನು ಕಾಯುವುದಕ್ಕಾಗಿ. ಇನ್ನು ಮಿಕ್ಕ ಅಡುಗೆಯ ಮಾತು: ಅದನ್ನು ಎರಡು ಗಂಟೆಗಳಿಗಿಂತ ಹೆಚ್ಚು ಹೊರಗಿಡದೆ ಸಣ್ಣ ಪಾತ್ರೆಗಳಲ್ಲಿ ತಂಪು ಪೆಟ್ಟಿಗೆಗೆ ಸೇರಿಸಬೇಕು, ಮರುದಿನ ಚೆನ್ನಾಗಿ ಕುದಿಸಿಯೇ ಬಳಸಬೇಕು. ಹಳಸಿದ್ದನ್ನು ಭಿಕ್ಷುಕನ ತಟ್ಟೆಗೆ ಹಾಕುವುದು ಪಾಪವೆಂದು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಮಾನ್ಯರೇ, ನಾವು ಸೂಚಿಸಿದ ಪಟ್ಟಿ ಚಿಕ್ಕದು. ಇದರಿಂದ ಹಬ್ಬದ ಕಳೆ ಕುಂದುತ್ತದೆಂದು ಯಾರಿಗಾದರೂ ತೋರಿದರೆ, ಒಂದು ವರ್ಷ ಪರೀಕ್ಷಿಸಿ ನೋಡಬೇಕೆಂದು ಕೇಳಿಕೊಳ್ಳುತ್ತೇವೆ. ಎರಡು ಬಗೆಯ ಮಾಂಸ ಕಡಿಮೆಯಾಗಿ ತಾಯಿಯೊಬ್ಬಳು ಪಂಕ್ತಿಗೆ ಸೇರಿದರೆ ಮನೆಗೆ ಲಾಭವೋ ನಷ್ಟವೋ ಎಂಬುದನ್ನು ಮಕ್ಕಳೇ ಹೇಳುತ್ತಾರೆ. ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ನಮ್ಮ ಧರ್ಮಕೇಂದ್ರದ ಪ್ರತಿಯೊಂದು ಮನೆಯಲ್ಲಿಯೂ ಬರುವ ಕ್ರಿಸ್ತಜಯಂತಿಯ ದಿನ ಎಲ್ಲರೂ ಒಟ್ಟಿಗೆ ಉಣ್ಣುವಂತಾಗಲಿ, ಸಾಲವಿಲ್ಲದ ಅನ್ನವೂ ಜಗಳವಿಲ್ಲದ ಸಂಜೆಯೂ ಎಲ್ಲರಿಗೂ ಲಭಿಸಲಿ ಎಂದು ಬಾಲಯೇಸುವನ್ನು ಪ್ರಾರ್ಥಿಸಿ, ನಮ್ಮ ಮಾತುಗಳನ್ನು ಮುಗಿಸುತ್ತೇವೆ.